ಕಾರ್ಬುರೇಟರ್ ಬಿಚ್ಚಿ ಕಟ್ಟಿದ ಮೇಲೆ ಎಫ್‌ಸಿ-150ರ ವ್ಯಾಕ್ಯೂಮ್ 13ಕ್ಕೇ ನಿಂತಿದೆ, ಎಲ್ಲಿ ನೋಡಬೇಕು?

ನಿಮ್ಮ ಗಾಡಿ ದಾವಣಗೆರೆಯಲ್ಲಿರೋ ಹಳೇ ಮಹೀಂದ್ರ ಎಫ್‌ಸಿ-150, ಹರಿಕೇನ್ ಪೆಟ್ರೋಲ್ ಎಂಜಿನ್. ಕಾರ್ಬುರೇಟರ್ ರಿಪೇರಿ ಕಿಟ್ (ಹೊಸ ಪ್ಯಾಕಿಂಗ್, ಬಿಡಿಭಾಗಗಳು) ಹಾಕಿದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡೋದು) ಏರಿಳೀತಿದೆ, ಇನ್‌ಟೇಕ್‌ನ ಎಳೆತ, ಅಂದರೆ ವ್ಯಾಕ್ಯೂಮ್, ಅಳೆಯೋ ಗೇಜ್ 13 ಇಂಚು (ಪಾದರಸದ ಲೆಕ್ಕ) ತೋರಿಸ್ತಿದೆ, ಪುಸ್ತಕದಲ್ಲಿ 18ರಿಂದ 22 ಅಂತಿದೆ ಅಂದಿದ್ದೀರಿ.

ಪುಸ್ತಕದ ಅಂಕಿ ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಮೇಲೆ ಹೋದರೆ ಸುಮಾರು ಒಂದು ಇಂಚು ಕಮ್ಮಿ ಆಗುತ್ತೆ. ದಾವಣಗೆರೆ ಹತ್ತಿರಹತ್ತಿರ 2000 ಅಡಿ, ಚಿತ್ರದುರ್ಗ ಇನ್ನೂ ಸ್ವಲ್ಪ ಮೇಲೆ. ನಮ್ಮ ಕಡೆ ಮುಳ್ಳು 16–17ರಲ್ಲಿ ಅಲುಗಾಡದೆ ನಿಂತರೆ ಸಾಕು. 20 ಬರಲೇಬೇಕು ಅಂತ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ಅತಿಯಾಗಿ ಮುಂದಕ್ಕೆ ತಿರುಗಿಸಿದರೆ ಲೋಡ್‌ನಲ್ಲಿ ಎಂಜಿನ್ ಬಡಿಯುತ್ತೆ. ಆದರೆ 13 ಇಲ್ಲಿಗೂ ಕಮ್ಮಿನೇ.

ಕಾರ್ಬುರೇಟರ್ ಸ್ಕ್ರೂ ಮುಟ್ಟೋಕೆ ಮುಂಚೆ, ಬಿಸಿಯಾದ ಎಂಜಿನ್ ಓಡ್ತಿರುವಾಗ ಚೋಕ್ ಪ್ಲೇಟನ್ನು (ಕಾರ್ಬುರೇಟರ್ ಬಾಯಿಯ ಗಾಳಿ ತಡೆಯೋ ತಟ್ಟೆ) ಕೈಯಿಂದ ಅರ್ಧ ಮುಚ್ಚಿ. ಓಟ ಸರಿಹೋದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ, ಇಲ್ಲವೇ ಐಡಲ್ ಜೆಟ್ ಕಟ್ಟಿದೆ. ಇನ್ನೂ ಕೆಟ್ಟರೆ ಪೆಟ್ರೋಲ್ ಜಾಸ್ತಿ, ಕಾರ್ಬುರೇಟರ್ ಒಳಗೆ ಪೆಟ್ರೋಲ್ ಮಟ್ಟ ಕಾಯೋ ಫ್ಲೋಟ್ ಮತ್ತು ನೀಡಲ್ ನೋಡಿ. ಎರಡು ನಿಮಿಷದ ಈ ಪರೀಕ್ಷೆ ಅರ್ಧ ದಿನದ ಹುಡುಕಾಟ ಉಳಿಸುತ್ತೆ.

ಈ ಎಂಜಿನ್ನಿನಲ್ಲಿ ಒಂದು ಅನುಕೂಲ ಇದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಹೆಡ್‌ನಲ್ಲೇ ಎರಕವಾಗಿ ಬಂದಿದೆ, ಅಲ್ಲಿ ಸೋರೋ ಪ್ಯಾಕಿಂಗೇ ಇಲ್ಲ. ಉಳಿಯೋದು ಕಾರ್ಬುರೇಟರ್ ಬುಡ, ತ್ರಾಟಲ್ ಶಾಫ್ಟ್ (ಆಕ್ಸಿಲರೇಟರ್‌ಗೆ ತೆರೆಯೋ ತ್ರಾಟಲ್ ಪ್ಲೇಟ್ ಕೂತಿರೋ ಕಡ್ಡಿ), ವ್ಯಾಕ್ಯೂಮ್ ಪೈಪುಗಳು. ಪೈಪುಗಳನ್ನು ಒಂದೊಂದಾಗಿ ಕಿತ್ತು ಬಾಯಿ ಮುಚ್ಚಿ ಗೇಜ್ ನೋಡಿ. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹೊಗೆಯನ್ನು ಇನ್‌ಟೇಕ್‌ಗೆ ಬಿಡೋದು) ತೆರೆದೇ ಸಿಕ್ಕಿಕೊಂಡಿದ್ದರೂ ಇದೇ ಲಕ್ಷಣ. ವೈಪರ್ ವ್ಯಾಕ್ಯೂಮ್‌ನದ್ದಾದರೆ ಅದರ ಪೈಪನ್ನೂ ಬಿಡಬೇಡಿ.

ಕಾರ್ಬುರೇಟರ್ ಬುಡಕ್ಕೆ ಬಾಟಲಿಯಿಂದ ನೀರು ಸಿಂಪಡಿಸಿ. ಸೋರುವ ಕಡೆ ನೀರು ಎಳೆದುಕೊಂಡು ಎಂಜಿನ್ ಓಟ ಬದಲಾಗುತ್ತೆ. ಕ್ಲೀನರ್ ಸ್ಪ್ರೇ, ಅಗರಬತ್ತಿ ಹೊಗೆ ಎರಡೂ ಬೇಡ, ಬೆಂಕಿ ಹತ್ತಬಹುದು. ಈ ಗಾಡಿಯ ಎಂಜಿನ್ ಇರೋದೇ ಕ್ಯಾಬಿನ್ ಒಳಗೆ, ಪಕ್ಕದಲ್ಲೇ ಕಾದ ಎಕ್ಸಾಸ್ಟ್. ಬಾಗಿಲುಗಳನ್ನು ತೆರೆದಿಟ್ಟುಕೊಳ್ಳಿ.

ಬುಡದಲ್ಲಿ ಸೋರಿದರೆ ಬಿಚ್ಚಿ ಸ್ಟೀಲ್ ಪಟ್ಟಿ ಇಟ್ಟು ನೋಡಿ. 0.1 ಮಿ.ಮೀ. ಫೀಲರ್ (ಸಂದು ಅಳೆಯೋ ತೆಳು ಪಟ್ಟಿ) ಒಳಗೆ ಹೋದರೆ ನಟ್ ವಿಪರೀತ ಬಿಗಿದು ಬುಡದ ಕಿವಿ (ನಟ್ ಕೂರೋ ಅಂಚು) ಬಾಗಿದೆ ಎಂದರ್ಥ. ದಪ್ಪ ಗಾಜಿನ ಮೇಲೆ 220, ಆಮೇಲೆ 400 ಎಮರಿ ಪೇಪರ್ ಹಾಕಿ ಎಂಟರ ಆಕಾರದಲ್ಲಿ ಉಜ್ಜಿ. ಗ್ಯಾಸ್ಕೆಟ್ ಗೋಂದು ಬಳಿಯೋದು ನನಗೆ ಒಪ್ಪಿಗೆಯಿಲ್ಲ, ಅದು ಕರಗಿ ಜೆಟ್‌ಗೆ ಸೇರುತ್ತೆ. ಹೊಸ ಪ್ಯಾಕಿಂಗನ್ನು ಹಳೆಯದರ ಮೇಲಿಟ್ಟು ತೂತು ತೂತಿಗೂ ತಾಳೆ ನೋಡಿ. ಬೇರೆ ಮಾಡೆಲ್‌ನದ್ದು ಕಿಟ್‌ನಲ್ಲಿ ಬಂದಿರೋದು ಅಪರೂಪವೇನಲ್ಲ.

ತ್ರಾಟಲ್ ಶಾಫ್ಟ್ ಸವೆತಕ್ಕೆ ಯಾವ ಕಿಟ್ಟೂ ಪರಿಹಾರ ಅಲ್ಲ. ಎರಡೂ ತುದಿಗೆ ಒಂದೊಂದು ಹನಿ ಎಂಜಿನ್ ಆಯಿಲ್ ಬಿಡಿ. ಸ್ವಲ್ಪ ಹೊತ್ತು ಐಡ್ಲಿಂಗ್ ನೆಟ್ಟಗಾಗಿ ಮತ್ತೆ ಕೆಟ್ಟರೆ ಬಾಡಿ ಸವೆದಿದೆ, ಲೇತ್‌ನಲ್ಲಿ ಬುಷ್ ಹಾಕಿಸಲೇಬೇಕು. ತ್ರಾಟಲ್ ಪ್ಲೇಟ್ ಮತ್ತೆ ಕೂರಿಸುವಾಗ ಬೆಳಕಿಗೆ ಹಿಡಿದು ಸುತ್ತ ಸಮ ಮುಚ್ಚುತ್ತಾ ನೋಡಿ, ಸ್ಕ್ರೂ ತುದಿ ಬಡಿದು ಕೂರಿಸಿ. ಆ ಸ್ಕ್ರೂ ಕಳಚಿದರೆ ನೇರ ಸಿಲಿಂಡರಿಗೆ ಬೀಳುತ್ತೆ.

ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗ್‌ನ ಪೆಟ್ರೋಲ್ ಹೆಚ್ಚುಕಮ್ಮಿ ಮಾಡೋದು) ಪೂರ್ತಿ ಒಳಗೆ ಹೋದರೂ ಎಂಜಿನ್ ನಿಲ್ಲದಿದ್ದರೆ ಅದು ಬೇರೆ ಕಥೆ. ಹೆಚ್ಚಿನಂಶ ಐಡಲ್ ಸ್ಟಾಪ್ ಸ್ಕ್ರೂ ಜಾಸ್ತಿ ಒಳಗಿದ್ದು ತ್ರಾಟಲ್ ಪ್ಲೇಟ್ ತೆರೆದು ನಿಂತಿರುತ್ತೆ. ಅದನ್ನು ಸಡಿಲಿಸಿ, ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಹೊರಗೆ ತಂದು ಅಲ್ಲಿಂದ ಶುರುಮಾಡಿ.

ಇಷ್ಟಾದರೂ ಮುಳ್ಳು ಅಲುಗಾಡದೆ 13ರಲ್ಲೇ ಇದ್ದರೆ ಟೈಮಿಂಗ್ ಹಿಂದಿರಬಹುದು. ಪಿಸ್ಟನ್ ತುತ್ತತುದಿ ಮುಟ್ಟೋ 5 ಡಿಗ್ರಿ ಮುಂಚೆ ಕಿಡಿ ಬರುವಂತೆ ಇಟ್ಟು ಗೇಜ್ ಮತ್ತೆ ಓದಿ. ಹಾಗೇ ಹಳೇ ರಬ್ಬರ್ ಪೈಪುಗಳನ್ನು ಉಳಿಸಬೇಡಿ, ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಅವು ಮೆತ್ತಗಾಗಿ ಸೀಳುತ್ತವೆ.