ಮುಂದಿನ ವಾರವೂ ಹುಡುಕಿ ಓದಬೇಕೆಂದರೆ

ಅಂಕಣ, ಧಾರಾವಾಹಿ, ಸಂಘದ ಪತ್ರಿಕೆ ಎಂದು ತಪ್ಪದೆ ಬರೆಯುತ್ತಿರುವವರ ಪ್ರಶ್ನೆಗಳಿಗೆ ಈ ಸಲದ ಉತ್ತರ. ಉತ್ತರಿಸಿದವರು ಬಹುಕಾಲ ದಿನಪತ್ರಿಕೆಯ ಪುರವಣಿ ನೋಡಿಕೊಂಡಿದ್ದ ನಿವೃತ್ತ ಸಂಪಾದಕರು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಜಿಲ್ಲೆಯ ಪತ್ರಿಕೆಯೊಂದರಲ್ಲಿ ವಾರಕ್ಕೊಮ್ಮೆ ಕಾಡುಸೊಪ್ಪು, ಗೆಡ್ಡೆ, ಹಳೆಯ ಅಡುಗೆಗಳ ಬಗ್ಗೆ ಬರೆಯುತ್ತೇನೆ. ಶುರುವಿನಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ನಿಲ್ಲಿಸಿ ಮಾತನಾಡಿಸುತ್ತಿದ್ದರು. ಈಗ ನಮ್ಮ ಮನೆಯವರೇ ಓದುವುದಿಲ್ಲ. ವಿಷಯ ಬದಲಾಯಿಸಲೇ? ಪ್ರಕಟವಾದ ಮೂರು ಬರಹಗಳನ್ನು ಜೊತೆಗಿಟ್ಟಿದ್ದೇನೆ. – ಓದುಗರೊಬ್ಬರು, ಸಾಗರ

ಉತ್ತರ: ವಿಷಯ ಬದಲಾಯಿಸಬೇಡಿ. ಮಲೆನಾಡಿನಲ್ಲಿ ಕುಳಿತು ಸೊಪ್ಪಿನ ಬಗ್ಗೆ ಬರೆಯುವವರಿಗೆ ಸರಕು ಮುಗಿಯುವುದುಂಟೇ? ತೊಡಕು ಇರುವುದು ಬೇರೆ ಕಡೆ.

ನಿಮ್ಮ ಒಂದೆಲಗದ ಬರಹವನ್ನೇ ನೋಡೋಣ. ‘ಪ್ರಕೃತಿಮಾತೆ ಮನುಕುಲಕ್ಕೆ ನೀಡಿದ ಅಮೂಲ್ಯ ಕೊಡುಗೆಗಳಲ್ಲಿ ಒಂದೆಲಗವೂ ಒಂದು’ ಎಂದು ಶುರುವಾಗುತ್ತದೆ. ಆಮೇಲೆ ಸಂಸ್ಕೃತದ ಹೆಸರು, ಸಸ್ಯಶಾಸ್ತ್ರದ ಹೆಸರು, ನೆನಪಿನ ಶಕ್ತಿಗೆ ಒಳ್ಳೆಯದೆಂಬ ಮಾತು. ಇಷ್ಟೆಲ್ಲ ಆದ ಮೇಲೆ, ಬರಹ ಇನ್ನೇನು ಮುಗಿಯುತ್ತದೆ ಎನ್ನುವಾಗ ಒಂದು ವಾಕ್ಯ ಬರುತ್ತದೆ. ಮದುವೆಯಾದ ಹೊಸದರಲ್ಲಿ ನೀವು ಎಲೆಗಳನ್ನಷ್ಟೇ ಅರೆದು ಮಾಡಿದ ತಂಬುಳಿಯನ್ನು ನಿಮ್ಮ ಅತ್ತೆಯವರು ‘ಇದು ಹಸಿರು ಮಜ್ಜಿಗೆ’ ಎಂದು ಪಕ್ಕಕ್ಕೆ ಸರಿಸಿ, ಬೇರು ಸಮೇತ ಅರೆಯದಿದ್ದರೆ ಅದು ಒಂದೆಲಗವೇ ಅಲ್ಲ ಎಂದರಂತೆ. ಓದುತ್ತಿದ್ದ ನಾನು ಅಲ್ಲಿ ನೆಟ್ಟಗೆ ಕುಳಿತೆ. ಆದರೆ ನೀವು ಮರುವಾಕ್ಯದಲ್ಲೇ ‘ಹೀಗೆ ಒಂದೆಲಗವು ಬಹೂಪಯೋಗಿ’ ಎಂದು ಕೈ ಮುಗಿದುಬಿಟ್ಟಿರಿ!

ಒಂದೆಲಗದ ಗುಣಗಳನ್ನು ಯಾರು ಬೇಕಾದರೂ ಬರೆಯಬಹುದು, ಎಷ್ಟೋ ಜನ ಬರೆದೂ ಇದ್ದಾರೆ. ಅದನ್ನು ಒಮ್ಮೆ ಓದಿದವರಿಗೆ ಎರಡನೆಯ ಸಲ ಬೇಕಾಗುವುದಿಲ್ಲ. ಬೇರು ಹಾಕಬೇಕೋ ಬೇಡವೋ ಎಂಬ ನಿಮ್ಮ ಮನೆಯ ತಕರಾರು ಮಾತ್ರ ಇನ್ನೆಲ್ಲಿಯೂ ಸಿಗುವುದಿಲ್ಲ. ಬರಹ ಅಲ್ಲಿಂದ ಶುರುವಾಗಲಿ. ಸಸ್ಯಶಾಸ್ತ್ರದ ಹೆಸರು ಬೇಕೇ ಬೇಕು ಎನಿಸಿದರೆ ಕೊನೆಗೆ ಒಂದು ಸಾಲಿನಲ್ಲಿ ಕೊಡಿ. ಮೊದಮೊದಲು ಜನ ನಿಲ್ಲಿಸಿ ಮಾತನಾಡಿಸುತ್ತಿದ್ದರು ಎಂದಿರಲ್ಲ, ಆಗ ಅವರು ನಿಮ್ಮನ್ನು ಓದುತ್ತಿದ್ದರು. ಈಗ ಗಿಡಮೂಲಿಕೆ ಪುಸ್ತಕದ ಪುಟ ಓದಿದಂತಾಗಿರಬೇಕು.

ಎರಡನೆಯ ತೊಂದರೆ ಕಾಲದ್ದು. ಕಳಲೆಯ ಬರಹ ಪ್ರಕಟವಾದದ್ದು ಮಾರ್ಚ್‌ನಲ್ಲಿ. ಬಿದಿರು ಮೊಳಕೆಯೊಡೆಯುವುದು ಮಳೆ ಹಿಡಿದ ಮೇಲೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದೇ ಬರಹ ಜುಲೈಯಲ್ಲಿ ಬಂದಿದ್ದರೆ ಓದಿದವರು ಆ ವಾರದ ಸಂತೆಯಲ್ಲೇ ಕಳಲೆ ಕೊಳ್ಳುತ್ತಿದ್ದರು. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸುತ್ತ ಕಹಿಯನ್ನೂ ವಿಷಾಂಶವನ್ನೂ ತೆಗೆಯಲು ಎರಡು ಮೂರು ದಿನ ಬೇಕಲ್ಲವೇ? ನೀರು ಚೆಲ್ಲಿದಾಗಲೆಲ್ಲ ನಿಮ್ಮ ನೆನಪಾಗುತ್ತಿತ್ತು. ಪಲ್ಯ ಚೆನ್ನಾಗಿ ಆಗಿದ್ದರೆ ಮುಂದಿನ ವಾರ ಪತ್ರಿಕೆ ಬಂದಾಗ ‘ಈ ಸಲ ಏನು ಬರೆದಿದ್ದಾರೆ’ ಎಂದು ಪುಟ ತಿರುಗಿಸುತ್ತಿದ್ದರು. ಮಾರ್ಚ್‌ನಲ್ಲಿ ಓದಿದವರು ‘ಹೌದಲ್ಲ’ ಎಂದುಕೊಂಡು ಮರೆತಿದ್ದಾರೆ.

ಆದ್ದರಿಂದ ಒಂದು ಪಂಚಾಂಗ ಮಾಡಿಕೊಳ್ಳಿ. ಅಪ್ಪೆಮಿಡಿ ಪೇಟೆಗೆ ಬರುವ ಮುಂಚಿನ ವಾರ ಉಪ್ಪಿನಕಾಯಿ, ಮೊದಲ ಮಳೆಗಳ ಹಿಂದೆಯೇ ಏಳುವ ಚಗಟೆಯ ಚಿಗುರು, ಆಷಾಢದಲ್ಲಿ ಕೆಸು ಮತ್ತು ಪತ್ರೊಡೆ. ಬರಹವು ಅಡುಗೆಗಿಂತ ಒಂದು ವಾರ ಮುಂದಿರಬೇಕು, ಹಿಂದೆ ಬೀಳಬಾರದು.

ಮೂರನೆಯದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಕೆಸುವಿನ ಬರಹದಲ್ಲಿ ಬಾಯಿ ತುರಿಸುವ ಮಾತೇ ಇಲ್ಲ. ಅದರ ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ನಾಲಿಗೆ, ಗಂಟಲಿಗೆ ಚುಚ್ಚಿ ತುರಿಕೆ ತರುತ್ತವೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಆ ಕಾರಣಕ್ಕೇ. ಹೊಸಬರು ನಿಮ್ಮ ಬರಹ ನಂಬಿ ಅರೆಬರೆ ಬೇಯಿಸಿ ತಿಂದು ಬಾಯಿ ಉರಿಸಿಕೊಂಡರೆ ಅವರು ಮತ್ತೆ ನಿಮ್ಮ ಅಂಕಣದ ಕಡೆ ತಲೆ ಹಾಕುವುದಿಲ್ಲ. ಮುಂದೆ ಎಂದಾದರೂ ತುಳುನಾಡಿನವರು ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆ ಮರದ ಕೆತ್ತೆಯ ಕಷಾಯದ ಬಗ್ಗೆ ಬರೆದರೆ, ಕಾಸರಕನ ಮರ ವಿಷ, ಗುರುತು ತಪ್ಪಿದರೆ ಪ್ರಾಣಕ್ಕೇ ಅಪಾಯ, ಗೊತ್ತಿಲ್ಲದವರು ಕೆತ್ತೆ ತೆಗೆಯಲು ಹೋಗಲೇಬಾರದು ಎಂಬುದು ಮೊದಲ ಪ್ಯಾರಾದಲ್ಲೇ ಇರಬೇಕು. ಎಚ್ಚರಿಕೆ ಹೇಳಿದರೆ ಬರಹದ ಸೊಗಸು ಕೆಡುತ್ತದೆ ಎಂದು ಹೆದರುವವರಿದ್ದಾರೆ. ಎಚ್ಚರಿಸುವ ಲೇಖಕರ ಮಾತನ್ನು ಜನ ನಂಬುತ್ತಾರೆ. ನಂಬಿದವರ ಬಳಿಗೇ ತಿರುಗಿ ಬರುತ್ತಾರೆ.

ಕಡೆಯದಾಗಿ, ಬೇರಿನ ತಕರಾರನ್ನು ತೀರ್ಪು ಕೊಟ್ಟು ಮುಗಿಸಬೇಡಿ. ‘ನಿಮ್ಮಲ್ಲಿ ಹೇಗೆ?’ ಎಂದು ಕೇಳಿ. ಬಂದ ಉತ್ತರಗಳಲ್ಲಿ ಎರಡು ಮೂರನ್ನು ಮುಂದಿನ ವಾರ ಹಾಕಿ. ಅಂದಿನ ಪತ್ರಿಕೆಯನ್ನು ನಿಮ್ಮ ಮನೆಯವರೂ ಓದುತ್ತಾರೆ, ಪಂದ್ಯ.

ಪ್ರಶ್ನೆ: ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೇನೆ. ಪ್ರತಿ ಕಂತಿನ ಕೊನೆಯಲ್ಲಿ ಬಾಗಿಲು ಬಡಿದ ಸದ್ದೋ ಅಪರಿಚಿತರ ಫೋನ್ ಕರೆಯೋ ಇರಲೇಬೇಕು ಎನ್ನುತ್ತಾರೆ ಗೆಳೆಯರು. ನಿಜವೇ? – ಓದುಗರೊಬ್ಬರು, ಧಾರವಾಡ

ಉತ್ತರ: ಎಷ್ಟು ವಾರ ಬಾಗಿಲು ಬಡಿಸುತ್ತೀರಿ? ಮೂರನೆಯ ಸಲ ಬಾಗಿಲಲ್ಲಿ ಹಾಲಿನವನು ನಿಂತಿರುತ್ತಾನೆ ಎಂಬುದು ಓದುಗರಿಗೆ ಗೊತ್ತಾಗಿಬಿಡುತ್ತದೆ.

ಇದಕ್ಕೊಂದು ಹಳೆಯ ದಾಖಲೆಯಿದೆ. ಚಾರ್ಲ್ಸ್ ಡಿಕನ್ಸ್ 1836ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ಅನ್ನು ತಿಂಗಳ ಕಂತುಗಳಲ್ಲಿ ಶುರುಮಾಡಿದಾಗ ಆತ ಇನ್ನೂ ಹೆಸರಿಲ್ಲದ ವರದಿಗಾರ. ಮೊದಲ ಕಂತು ಅಚ್ಚಾದದ್ದು ಸುಮಾರು 1,000 ಪ್ರತಿ. ಮೊದಲ ಕೆಲವು ಕಂತುಗಳನ್ನು ಕೇಳುವವರೇ ಇರಲಿಲ್ಲ. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬವನು ಬಂದ. ಛತ್ರದಂಥ ವಸತಿಗೃಹವೊಂದರಲ್ಲಿ ಬಂದವರ ಬೂಟುಗಳಿಗೆ ಪಾಲಿಶ್ ಹಾಕುವ ಆಳು, ಮಾತಿಗೆ ಮಾತು ಜೋಡಿಸುವ ಚತುರ. ಮಾರಾಟ ಏರತೊಡಗಿತು. ಕೊನೆಯ ಕಂತುಗಳ ಹೊತ್ತಿಗೆ ಅದು 40,000ದ ಹತ್ತಿರ ಹೋಗಿತ್ತು. ಆ ಕಥೆಯಲ್ಲಿ ಉಸಿರು ಬಿಗಿಹಿಡಿಸುವ ತಿರುವುಗಳು ಹೆಚ್ಚಿಲ್ಲ. ಊರೂರು ಸುತ್ತುವ ಕೆಲವು ಜನರ ಪೇಚಾಟವೇ ಕಥೆ. ಮುಂದಿನ ತಿಂಗಳು ಸ್ಯಾಮ್ ಏನು ಹೇಳುತ್ತಾನೆ ಎಂದು ಕೇಳಲು ಜನ ಕಾಸು ಕೊಟ್ಟರು.

ನಿಮ್ಮ ಕಥೆಯಲ್ಲಿ ಅಂಥ ಒಬ್ಬರಿದ್ದಾರೆಯೇ? ಕಳುಹಿಸಿದ ಕಂತುಗಳಲ್ಲಿ ನಾಯಕಿಯ ಸೋದರತ್ತೆ ಎರಡೇ ಸಲ ಮಾತನಾಡುತ್ತಾರೆ, ಎರಡೂ ಸಲ ನಾನು ನಕ್ಕೆ. ಅವರನ್ನು ಅಡುಗೆಮನೆಯಿಂದ ಹೊರಗೆ ಕರೆತನ್ನಿ. ಕಂತಿನ ಕೊನೆಗೆ ಕುತೂಹಲ ಬೇಡವೆಂದಲ್ಲ, ಆದರೆ ಅದು ಪಾತ್ರದೊಳಗಿನಿಂದ ಬರಲಿ. ಮಗಳ ಮದುವೆಗೆ ಹೋಗಬೇಕೋ ಬೇಡವೋ ಎಂದು ಅತ್ತೆ ಇನ್ನೂ ನಿರ್ಧರಿಸದೆ ಮಲಗಿದ್ದಾರೆ ಎಂದರೆ ಸಾಕು. ಬಾಗಿಲು ತೆಪ್ಪಗಿರಲಿ.

ಪ್ರಶ್ನೆ: ಮಸ್ಕತ್‌ನಲ್ಲಿ ನಮ್ಮ ಗೆಳೆಯರ ಬಳಗದಿಂದ ಒಂದು ಮಾಸಪತ್ರಿಕೆ ತರುತ್ತಿದ್ದೇವೆ. ‘ಲೇಖನ ಕಳುಹಿಸಿ’ ಎಂದು ಪ್ರತಿ ಸಂಚಿಕೆಯಲ್ಲೂ ವಿನಂತಿಸಿದರೂ ಯಾರೂ ಬರೆಯುವುದಿಲ್ಲ, ಓದುವವರೂ ಕಡಿಮೆ. ಏನು ಮಾಡೋಣ?

ಉತ್ತರ: ಸಂಚಿಕೆ ನೋಡಿದೆ. ಮೊದಲ ಪುಟದಲ್ಲಿ ಅಧ್ಯಕ್ಷರ ಸಂದೇಶ, ಎರಡನೆಯದರಲ್ಲಿ ಕಾರ್ಯದರ್ಶಿಗಳ ಸಂದೇಶ, ಮೂರನೆಯದರಲ್ಲಿ ಇಬ್ಬರೂ ಸೇರಿ ದೀಪ ಬೆಳಗುತ್ತಿರುವ ಚಿತ್ರ. ಆ ಇಬ್ಬರು ಖಂಡಿತ ಓದುತ್ತಾರೆ.

‘ಲೇಖನ ಕಳುಹಿಸಿ’ ಎಂದರೆ ಜನ ಹೆದರುತ್ತಾರೆ. ಲೇಖನವೆಂದರೆ ಪೀಠಿಕೆ, ಉಪಸಂಹಾರ, ಶಾಲೆಯ ಪ್ರಬಂಧ. ಉತ್ತರಿಸಲು ಸುಲಭವಾದ, ಅನುಭವವಿಲ್ಲದೆ ಉತ್ತರಿಸಲಾಗದ ಒಂದು ಪ್ರಶ್ನೆ ಕೇಳಿ. ಊರಿಂದ ಬರುವಾಗ ಪೆಟ್ಟಿಗೆಯಲ್ಲಿ ಏನು ತಂದಿರಿ, ತೂಕ ಹೆಚ್ಚಾಯಿತೆಂದು ವಿಮಾನ ನಿಲ್ದಾಣದಲ್ಲಿ ಏನನ್ನು ತೆಗೆದಿಟ್ಟಿರಿ? ಐದು ಸಾಲು ಸಾಕು ಎನ್ನಿ. ಉಪ್ಪಿನಕಾಯಿ ಜಾಡಿ ಬಿಟ್ಟುಬಂದವರ ಸಂಕಟ ಐದು ಸಾಲಿಗೆ ನಿಲ್ಲುವುದಿಲ್ಲ, ನೋಡಿ.

ಇದು ಹೊಸ ಉಪಾಯವೇನಲ್ಲ. ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಡಂಟನ್ 1691ರಲ್ಲೇ ಓದುಗರ ಪ್ರಶ್ನೆಗಳಿಗೆ ಉತ್ತರಿಸುವುದಕ್ಕೆಂದೇ ಒಂದು ಪತ್ರಿಕೆ ಹೊರಡಿಸಿದ್ದ. ಪ್ರಶ್ನೆಗಳನ್ನು ಒಂದು ಕಾಫಿ ಅಂಗಡಿಗೆ ತಲುಪಿಸಬೇಕಿತ್ತು. ನಮ್ಮಲ್ಲಿ ‘ಪ್ರಜಾವಾಣಿ’ಯಲ್ಲಿ 1991ರಲ್ಲಿ ಶುರುವಾದ ‘ಇಗೋ ಕನ್ನಡ’ ನೆನಪಿಸಿಕೊಳ್ಳಿ. ಪದದ ಅರ್ಥ, ಮೂಲ, ಸರಿ ತಪ್ಪು ಎಂದು ಓದುಗರು ಕೇಳಿದ್ದಕ್ಕೆ ಪ್ರೊ. ಜಿ. ವೆಂಕಟಸುಬ್ಬಯ್ಯ ವರ್ಷಗಟ್ಟಲೆ ಉತ್ತರಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ವಿದ್ವಾಂಸರು ಅವರು. ಯಾವ ಪದವನ್ನು ಎತ್ತಿಕೊಳ್ಳಬೇಕು ಎಂಬುದನ್ನು ತಾವೇ ಗೊತ್ತುಮಾಡಬಹುದಿತ್ತು. ಆದರೆ ಅದನ್ನು ಗೊತ್ತುಮಾಡಿದವರು ಪ್ರಶ್ನೆ ಕೇಳಿದ ಓದುಗರು. ಪ್ರಶ್ನೆ ಕಳುಹಿಸಿದವರು ಉತ್ತರ ಬರುವವರೆಗೂ ಪ್ರತಿವಾರ ಆ ಜಾಗ ನೋಡದೆ ಇರುತ್ತಾರೆಯೇ?

ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು ‘ಅಡಿಕೆ ಪತ್ರಿಕೆ’. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ಈ ಮಾಸಪತ್ರಿಕೆ ‘ಕೃಷಿಕರ ಕೈಗೆ ಲೇಖನಿ’ ಎಂಬ ನಿಲುವು ತಳೆಯಿತು. ಶ್ರೀಪಡ್ರೆ ಮತ್ತು ಸಂಗಡಿಗರು ಬೆಳೆಗಾರರಿಗೇ ಬರೆಯುವ ತರಬೇತಿ ಕೊಟ್ಟರು. ಬರಹದ ಕೊನೆಗೆ ಆ ಕೃಷಿಕರನ್ನು ಸಂಪರ್ಕಿಸುವ ವಿವರವೂ ಇರುತ್ತಿತ್ತು. ಓದಿದವರು ಫೋನ್ ಮಾಡಿ, ತೋಟಕ್ಕೇ ಹೋಗಿ ಕೇಳಬಹುದು. ಆದ್ದರಿಂದ ಬರೆದವರೂ ಬಾಯಿಗೆ ಬಂದದ್ದನ್ನು ಬರೆಯುವಂತಿಲ್ಲ. ಅಡಿಕೆಯೆಂಬ ಒಂದೇ ಬೆಳೆಯ ಹೆಸರು ಹೊತ್ತ ಪತ್ರಿಕೆ ಹಲಸಿನ ಬಗ್ಗೆ ಎಷ್ಟೊಂದು ಪುಟ ತುಂಬಿಸಿತು! ಓದುವವರೇ ಬರೆಯುವವರಾದಾಗ ವಿಷಯಕ್ಕೆ ಬರವಿಲ್ಲ.

ನಿಮ್ಮ ಊರಿನಲ್ಲೂ ದಶಕಗಳ ಹಿಂದೆ ಬಂದು ಅಂಗಡಿ ಇಟ್ಟವರು, ಆಸ್ಪತ್ರೆಯ ರಾತ್ರಿ ಪಾಳಿಯ ದಾದಿಯರು, ಶಾಲಾ ಬಸ್ಸಿನ ಚಾಲಕರು ಇದ್ದಾರು. ಬರೆಯಲು ಸಂಕೋಚಪಡುವವರ ಬಳಿ ಹೋಗಿ ಕೇಳಿ ಬರೆದುಕೊಳ್ಳಿ, ಅವರ ಮಾತಿನಲ್ಲೇ ಹಾಕಿ. ಸಂದೇಶಗಳನ್ನು ಹಿಂದಿನ ಪುಟಕ್ಕೆ ಕಳುಹಿಸಲು ಅಧ್ಯಕ್ಷರನ್ನು ಹೇಗೆ ಒಪ್ಪಿಸುವುದು ಎಂಬುದಕ್ಕೆ ಮಾತ್ರ ನನ್ನ ಬಳಿ ಉಪಾಯವಿಲ್ಲ.

ಪ್ರಶ್ನೆ: ‘ಇದನ್ನು ತಿಳಿದರೆ ಬೆಚ್ಚಿಬೀಳುತ್ತೀರಿ’ ಎಂಬಂಥ ಶೀರ್ಷಿಕೆ ಕೊಟ್ಟರೆ ಹೆಚ್ಚು ಜನ ಓದುತ್ತಾರಲ್ಲ? – ಓದುಗರೊಬ್ಬರು, ತುಮಕೂರು

ಉತ್ತರ: ಓದುತ್ತಾರೆ, ಒಂದು ಸಲ. ಬೆಚ್ಚಿಬೀಳದಿದ್ದರೆ ನಿಮ್ಮ ಹೆಸರನ್ನು ನೆನಪಿಟ್ಟುಕೊಳ್ಳುತ್ತಾರೆ, ಮುಂದೆ ಓದಬಾರದವರ ಪಟ್ಟಿಯಲ್ಲಿ. ‘ಕಳಲೆಗೆ ಮೂರು ದಿನ ನೀರು ಏಕೆ?’ ಎಂಬ ಶೀರ್ಷಿಕೆ ನನಗೆ ಸಾಕು.

ಪ್ರಶ್ನೆ: ವಾರಕ್ಕೊಂದು ಬರಹ ಎಂದು ಒಪ್ಪಿಕೊಂಡೆ. ಕೆಲಸದ ಒತ್ತಡದಲ್ಲಿ ಆಗಾಗ ತಪ್ಪುತ್ತದೆ. ಚೆನ್ನಾಗಿ ಬರೆದಾಗ ಮಾತ್ರ ಕೊಟ್ಟರೆ ಸಾಲದೇ? – ಓದುಗರೊಬ್ಬರು, ಕಲಬುರಗಿ

ಉತ್ತರ: ಸಾಲದು. ಯಾವ ದಿನ, ಯಾವ ಮೂಲೆ ಎಂಬುದು ಓದುಗರ ಕೈಗೆ ಅಭ್ಯಾಸವಾಗಬೇಕು. ‘ಲಂಕೇಶ್ ಪತ್ರಿಕೆ’ ಕೈಗೆ ಬಂದ ಕೂಡಲೇ ದೊಡ್ಡ ವರದಿಗಳನ್ನು ಬಿಟ್ಟು, ಕೆಲವೇ ಸಾಲಿನ ‘ನೀಲು’ ಪದ್ಯವನ್ನು ಮೊದಲು ಹುಡುಕುತ್ತಿದ್ದವರನ್ನು ನಾನು ಬಲ್ಲೆ. ಅಂಗೈಯಗಲದ ಜಾಗ, ಆದರೆ ಅದು ಇರುತ್ತಿತ್ತು.

ವಾರಕ್ಕೊಮ್ಮೆ ಆಗದಿದ್ದರೆ ಸಂಪಾದಕರಿಗೆ ನೇರವಾಗಿ ಹೇಳಿ ಹದಿನೈದು ದಿನಕ್ಕೊಮ್ಮೆ ಮಾಡಿಕೊಳ್ಳಿ. ಅದನ್ನು ತಪ್ಪಿಸಬೇಡಿ. ಕಾಲಕ್ಕೆ ಅಂಟಿಕೊಳ್ಳದ ಎರಡು ಮೂರು ಬರಹಗಳನ್ನು ಬರೆದು ಕೊಟ್ಟಿರಿ. ಜ್ವರ ಬಂದ ವಾರ ಅವು ಕಾಯುತ್ತವೆ. ಆ ವಾರದ ಬರಹ ಚಿಕ್ಕದಾಗಿದ್ದರೆ ಚಿಕ್ಕದಾಗಿಯೇ ಇರಲಿ. ಜಾಗ ತುಂಬಿಸಲು ಹಿಂದಿನ ವಾರದ ಸಾರಾಂಶ ಬರೆಯುವುದನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.

ಪ್ರಶ್ನೆ: ನನ್ನ ಸ್ಥಳಪುರಾಣದ ಅಂಕಣದಲ್ಲಿ ಶಾಸನವೊಂದರ ಕಾಲವನ್ನು ತಪ್ಪಾಗಿ ಬರೆದಿದ್ದೆ. ಓದುಗರೊಬ್ಬರು ಖಾರವಾಗಿ ಪತ್ರ ಬರೆದಿದ್ದಾರೆ. ಸುಮ್ಮನಿದ್ದುಬಿಡಲೇ? – ಅಂಕಣಕಾರರೊಬ್ಬರು, ಹಾಸನ

ಉತ್ತರ: ಅವರು ಶಾಸನದ ಪಾಠ ತೆಗೆದು ನೋಡಿ ಪತ್ರ ಬರೆದಿದ್ದಾರೆ. ನಿಮ್ಮ ಅಂಕಣವನ್ನು ಅಷ್ಟು ಗಮನವಿಟ್ಟು ಓದುವವರು ಇನ್ನೆಷ್ಟು ಜನರಿದ್ದಾರು? ಮುಂದಿನ ಬರಹದ ಆರಂಭದಲ್ಲೇ ಸರಿಯಾದ ಕಾಲವನ್ನು ಕೊಟ್ಟು, ತಿದ್ದಿದವರ ಒಪ್ಪಿಗೆ ಪಡೆದು ಅವರ ಹೆಸರು ಹಾಕಿ. ಅಚ್ಚಿನ ದೋಷ, ಆಕರದ ದೋಷ ಎಂಬ ಸಮಜಾಯಿಷಿ ಬೇಡ. ಪತ್ರದಲ್ಲಿನ ಖಾರವನ್ನು ಪಕ್ಕಕ್ಕಿಟ್ಟು ಅವರಿಗೆ ಫೋನ್ ಮಾಡಿ, ಆ ಊರಿನ ಸುತ್ತಮುತ್ತ ಇನ್ನಾವ ಶಾಸನಗಳಿವೆ ಎಂದು ವಿಚಾರಿಸಿ. ನಿಮ್ಮ ಮುಂದಿನ ಎರಡು ಮೂರು ಬರಹಗಳಿಗೆ ಅಲ್ಲಿಯೇ ವಿಷಯ ಸಿಕ್ಕೀತು.