ಮುಖ ನೋಡದೆ ಜೊತೆಗಾರರನ್ನು ಆರಿಸುವ ಟಿವಿ ಆಟ ಹೇಗೆ ನಡೆಯುತ್ತದೆ?

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1965ರಲ್ಲಿ ಶುರುವಾದ ‘ದಿ ಡೇಟಿಂಗ್ ಗೇಮ್’ ಈ ಬಗೆಯ ಆಟಗಳಿಗೆ ದಾರಿ ತೋರಿಸಿತು. ಚಕ್ ಬ್ಯಾರಿಸ್ ಅದರ ನಿರ್ಮಾಪಕ, ಜಿಮ್ ಲ್ಯಾಂಗ್ ನಿರೂಪಕ.

ವೇದಿಕೆಯ ನಡುವೆ ಒಂದು ಅಡ್ಡಗೋಡೆ. ಒಂದು ಬದಿಯಲ್ಲಿ ಯುವತಿ, ಇನ್ನೊಂದು ಬದಿಯಲ್ಲಿ ಮೂವರು ಯುವಕರು. ಕೆಲವೊಮ್ಮೆ ಇದು ತಿರುವುಮುರುವಾಗುತ್ತದೆ. ಅವಳ ಪಾಲಿಗೆ ಅವರು ಒಂದು, ಎರಡು, ಮೂರು ಎಂಬ ಸಂಖ್ಯೆಗಳಷ್ಟೇ. ಹೆಸರು, ವಯಸ್ಸು, ಉದ್ಯೋಗ, ಸಂಪಾದನೆ ಕೇಳುವಂತಿಲ್ಲ. ಈ ನಿಯಮವೇ ಆಟದ ಜೀವಾಳ ಎಂದು ನನಗೆ ಅನ್ನಿಸುತ್ತದೆ. ಸಾಮಾನ್ಯವಾಗಿ ಮೊದಲು ಕೇಳುವುದನ್ನೆಲ್ಲ ತಡೆದುಬಿಟ್ಟರೆ, “ನೀವು ಒಂದು ವಾದ್ಯವಾಗಿದ್ದರೆ ಯಾವುದಾಗಿರುತ್ತಿದ್ದಿರಿ?” ಎಂಬಂಥ ಪ್ರಶ್ನೆಗಳು ಹುಟ್ಟುತ್ತವೆ. ಆಗ ಉತ್ತರಕ್ಕಿಂತ ಅದನ್ನು ಹೇಳುವ ದನಿ, ತಡವರಿಕೆ, ನಡುವೆ ಉಕ್ಕಿದ ನಗು ಹೆಚ್ಚು ಹೇಳುತ್ತವೆ. ಪ್ರೇಕ್ಷಕರಿಗೆ ಮಾತ್ರ ಗೋಡೆಯ ಎರಡೂ ಬದಿ ಕಾಣುತ್ತದೆ. ಅವರ ಕಾತರಕ್ಕೆ ಅದೇ ಕಾರಣ.

ಕೊನೆಗೆ ಅವಳು ಒಂದು ಸಂಖ್ಯೆ ಹೇಳುತ್ತಾಳೆ. ಮೊದಲು ಆಯ್ಕೆಯಾಗದ ಇಬ್ಬರು ಗೋಡೆ ದಾಟಿ ಬಂದು ಅವಳನ್ನು ಭೇಟಿಯಾಗುತ್ತಾರೆ, ಆಮೇಲೆ ಗೆದ್ದವನು. ತಾನು ಯಾರನ್ನು ಬಿಟ್ಟೆ ಎಂಬುದು ಅವಳ ಮುಖದಲ್ಲಿ ಮೂಡುವ ಆ ಗಳಿಗೆಗೆ ಕ್ಯಾಮೆರಾ ಕಾದಿರುತ್ತದೆ. ಜೋಡಿಯ ಸುತ್ತಾಟದ ಖರ್ಚು ಕಾರ್ಯಕ್ರಮದ್ದು. ಜೊತೆಗೆ ಕಾವಲಿಗೆ ಹಿರಿಯರೊಬ್ಬರನ್ನೂ ಕಳಿಸುತ್ತಿದ್ದರು.