ಪಿನ್‌ಪಾಯಿಂಟರ್ ಕೊಳ್ಳುವಾಗ ಆಳವೊಂದನ್ನೇ ನೋಡಬೇಡಿ

ಪ್ರಶ್ನೆ: ಹಾಸನ ಜಿಲ್ಲೆಯವನಾದ ನಾನು ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ರಜಾದಿನಗಳಲ್ಲಿ, ಮಾಲೀಕರ ಒಪ್ಪಿಗೆ ಪಡೆದ ಹೊಲಗಳಲ್ಲಿ ಮೈನ್‌ಲ್ಯಾಬ್ ಇಕ್ವಿನಾಕ್ಸ್ 600 ಡಿಟೆಕ್ಟರ್ (ಲೋಹಶೋಧಕ) ಹಿಡಿದು ಹಳೆಯ ನಾಣ್ಯಗಳನ್ನು ಹುಡುಕುವ ಹವ್ಯಾಸವಿದೆ. ಸದ್ದು ಬಂದ ಕಡೆ ಅಗೆದ ಮೇಲೂ ಮಣ್ಣಿನಲ್ಲಿ ವಸ್ತು ಎಲ್ಲಿದೆ ಎಂದು ತಡಕಾಡುವುದರಲ್ಲಿಯೇ ಹೊತ್ತು ಕಳೆಯುತ್ತದೆ. ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿ, ಮೈನ್‌ಲ್ಯಾಬ್ ಪ್ರೊ-ಫೈಂಡ್ 35, ಎಕ್ಸ್‌ಪಿ ಎಂಐ-6 ಇವುಗಳಲ್ಲಿ ಯಾವ ಪಿನ್‌ಪಾಯಿಂಟರ್ (ಲೋಹವಿರುವ ಜಾಗವನ್ನು ತೋರಿಸುವ ಕೈಸಾಧನ) ಕೊಳ್ಳಲಿ? ಹೆಚ್ಚು ಆಳದವರೆಗೆ ಪತ್ತೆ ಮಾಡುವುದನ್ನೇ ಆರಿಸಬೇಕೆ? ಅಗ್ಗದ ಉಪಕರಣ ಸಾಲದೆ?

ಉತ್ತರ: ಮೊದಲು ಆಳದ ಮಾತನ್ನು ಮುಗಿಸೋಣ. ಪಿನ್‌ಪಾಯಿಂಟರ್ ನೆಲದಡಿ ಏನಿದೆ ಎಂದು ಹುಡುಕುವ ಸಾಧನವಲ್ಲ. ಆ ಕೆಲಸವನ್ನು ನಿಮ್ಮ ಡಿಟೆಕ್ಟರ್ ಆಗಲೇ ಮಾಡಿರುತ್ತದೆ. ಅಗೆದ ಗುಂಡಿಯ ಯಾವ ಬದಿಯಲ್ಲಿ, ಎತ್ತಿಟ್ಟ ಮಣ್ಣಿನ ಯಾವ ಹೆಂಟೆಯಲ್ಲಿ ವಸ್ತು ಅಡಗಿದೆ ಎಂದು ಬೆರಳಿಟ್ಟು ತೋರಿಸುವುದಷ್ಟೇ ಇದರ ಕೆಲಸ. ಕೊಳವೆಯಂತಿರುವ ಈ ಸಾಧನದ ತುದಿಯಲ್ಲಿರುವ ಸಣ್ಣ ಕಾಯಿಲ್ (ತಂತಿಯ ಸುರುಳಿ) ಕಾಂತಕ್ಷೇತ್ರವೊಂದನ್ನು ಉಂಟುಮಾಡುತ್ತದೆ, ಆ ಕ್ಷೇತ್ರದೊಳಗೆ ಬಂದ ಲೋಹದಲ್ಲಿ ಹುಟ್ಟುವ ಸುಳಿಪ್ರವಾಹವನ್ನು (ಸುಳಿಯಂತೆ ಸುತ್ತುವ ವಿದ್ಯುತ್ತನ್ನು) ಗುರುತಿಸಿ ಸದ್ದು ಅಥವಾ ಕಂಪನದ ಮೂಲಕ ತಿಳಿಸುತ್ತದೆ. ದೂರ ಹೆಚ್ಚಿದಂತೆ ಈ ಸಂಕೇತ ಬಹು ಬೇಗ ಕ್ಷೀಣಿಸುವುದರಿಂದ, ಸಣ್ಣ ನಾಣ್ಯವು ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಮಾತ್ರ ಸಿಗುತ್ತದೆ. ಇದನ್ನು ಕೊರತೆಯೆಂದು ಭಾವಿಸಬಾರದು. ಅಂಗೈಯಗಲದ ದೂರದಿಂದಲೇ ಕೂಗತೊಡಗುವ ಪಿನ್‌ಪಾಯಿಂಟರ್ ಇಡೀ ಗುಂಡಿಯ ತುಂಬ ಕೂಗುತ್ತದೆಯೇ ಹೊರತು ಜಾಗವನ್ನು ತೋರಿಸುವುದಿಲ್ಲ.

ಆದ್ದರಿಂದ ನೀವು ಮುಖ್ಯವಾಗಿ ಪರೀಕ್ಷಿಸಬೇಕಾದದ್ದು, ಲೋಹ ಹತ್ತಿರವಾದಂತೆ ಸದ್ದಿನ ವೇಗ ಕ್ರಮವಾಗಿ ಏರುತ್ತದೆಯೇ ಮತ್ತು ವ್ಯಾಪ್ತಿಯನ್ನು ಆ ಕ್ಷಣದಲ್ಲಿಯೇ ಕುಗ್ಗಿಸಲು ಸಾಧ್ಯವೇ ಎಂಬುದನ್ನು. ಪ್ರೊ-ಪಾಯಿಂಟರ್ ಎಟಿಯಲ್ಲಿ ಗುಂಡಿಯೊಳಗೆ ಸದ್ದು ಬರುತ್ತಿರುವಾಗಲೇ ಬಟನ್ನನ್ನು ಒಮ್ಮೆ ಚಕ್ಕನೆ ಒತ್ತಿದರೆ ಅದು ಆ ಸ್ಥಿತಿಗೆ ತನ್ನನ್ನು ಹೊಂದಿಸಿಕೊಂಡು ಸುಮ್ಮನಾಗುತ್ತದೆ. ಅನಂತರ ವಸ್ತುವಿಗೆ ಇನ್ನಷ್ಟು ಹತ್ತಿರ ಹೋದರೆ ಮಾತ್ರ ಕೂಗುತ್ತದೆ. ಇದನ್ನು ರೂಢಿಸಿಕೊಂಡವರಿಗೆ ಮಧ್ಯಯುಗದ ಬೆಳ್ಳಿಯ ತುಣುಕುಗಳು ಕೈತಪ್ಪುವುದು ಕಡಿಮೆ. ಇಂಗ್ಲೆಂಡಿನಲ್ಲಿ 1279ರ ನಾಣ್ಯ ಸುಧಾರಣೆಯ ನಂತರ ದುಂಡನೆಯ ಅರ್ಧ ಮತ್ತು ಕಾಲು ಪೆನ್ನಿಗಳು ರೂಢಿಗೆ ಬರುವ ಮುನ್ನ, ಪೆನ್ನಿಯನ್ನೇ ಕತ್ತರಿಸಿ ಚಿಲ್ಲರೆಯಾಗಿ ಬಳಸುತ್ತಿದ್ದರು. ಕಾಲು ಭಾಗದ ಅಂಥ ತುಣುಕು ಕಿರುಬೆರಳಿನ ಉಗುರಿನಷ್ಟೇ ಇದ್ದು, ಒದ್ದೆ ಮಣ್ಣು ಮೆತ್ತಿಕೊಂಡರೆ ಕಣ್ಣಿಗೆ ಬೀಳುವುದೇ ಇಲ್ಲ. ಸನಿಕೆಯಿಂದ ಮತ್ತೆ ಮತ್ತೆ ಕೆದಕುವವರು ಅದನ್ನು ಬಗ್ಗಿಸುತ್ತಾರೆ, ಇಲ್ಲವೇ ಗುಂಡಿಯೊಳಕ್ಕೇ ಮರಳಿ ತುಂಬಿಬಿಡುತ್ತಾರೆ.

ನೋಡಬೇಕಾದ ಎರಡನೆಯ ವಿಷಯ, ಡಿಟೆಕ್ಟರ್ ಮತ್ತು ಪಿನ್‌ಪಾಯಿಂಟರ್ ಇವೆರಡರ ಹೊಂದಾಣಿಕೆ. ಡಿಟೆಕ್ಟರಿನ ಕಾಯಿಲ್ ಹತ್ತಿರವೇ ಇದ್ದರೆ ಅದರ ತರಂಗಗಳು ಪಿನ್‌ಪಾಯಿಂಟರ್ ಅನ್ನು ಕೆಣಕಬಹುದು, ಪಿನ್‌ಪಾಯಿಂಟರಿನವು ಡಿಟೆಕ್ಟರನ್ನೂ ಕೆಣಕಬಹುದು. ಆಗ ಲೋಹವಿಲ್ಲದಿದ್ದರೂ ಸದ್ದು ಬರುತ್ತದೆ. ಅಗೆಯುವಾಗ ಕಾಯಿಲನ್ನು ಗುಂಡಿಯಿಂದ ದೂರಕ್ಕೆ ತಿರುಗಿಸಿ ಮಲಗಿಸಿದರೆ ಬಹುಮಟ್ಟಿಗೆ ಈ ಕಾಟ ತಪ್ಪುತ್ತದೆ. ಆದರೂ ಕೊಳ್ಳುವ ಮೊದಲು ಕ್ಲಬ್ಬಿನ ಸ್ನೇಹಿತರ ಪಿನ್‌ಪಾಯಿಂಟರ್ ಅನ್ನು ನಿಮ್ಮ ಇಕ್ವಿನಾಕ್ಸ್ ಜೊತೆಯಲ್ಲಿಟ್ಟು ನೋಡುವುದು ಯಾವ ಜಾಹೀರಾತಿಗಿಂತಲೂ ಮೇಲು.

ಇನ್ನು ನೀವು ಹೆಸರಿಸಿದ ಮೂರರ ವಿಷಯ. ಎಂಐ-6ರ ವಿಶೇಷವಿರುವುದು ಅದೇ ಕಂಪನಿಯ ಡೀಯಸ್ ಡಿಟೆಕ್ಟರಿನೊಂದಿಗೆ ನಿಸ್ತಂತುವಾಗಿ ಬೆಸೆದುಕೊಂಡು, ಹೆಡ್‌ಫೋನಿನಲ್ಲಿಯೇ ಕೇಳಿಸುವ ಅನುಕೂಲದಲ್ಲಿ. ನಿಮ್ಮ ಬಳಿ ಡೀಯಸ್ ಇಲ್ಲದಿರುವಾಗ ಅದಕ್ಕಾಗಿ ಹೆಚ್ಚು ಹಣ ತೆರುವುದು ವ್ಯರ್ಥ. ಪ್ರೊ-ಫೈಂಡ್ 35 ಕಬ್ಬಿಣಕ್ಕೆ ಬೇರೆಯದೇ ಸದ್ದು ಕೊಡುತ್ತದೆ. ಮೊಳೆಗಳು ತುಂಬಿದ ಹಳೆಯ ಮನೆಯಂಗಳದಲ್ಲಿ ಇದು ಉಪಯುಕ್ತವೇ. ಆದರೆ ಮೊಳೆಯೂ ಬೆಳ್ಳಿಯೂ ಒಂದೇ ಗುಂಡಿಯಲ್ಲಿದ್ದಾಗ ಕಬ್ಬಿಣದ ಸದ್ದನ್ನು ನಂಬಿ ಗುಂಡಿ ಮುಚ್ಚುವುದು ಅವಸರದ ನಿರ್ಧಾರವಾಗುತ್ತದೆ. ಒಂದೇ ಬಟನ್ನಿನ ಪ್ರೊ-ಪಾಯಿಂಟರ್ ಎಟಿಯನ್ನು ಕೈಗವಸು ತೊಟ್ಟುಕೊಂಡೇ ನಿಭಾಯಿಸಬಹುದು, ಸುಮಾರು 6 ಮೀಟರ್ ಆಳದವರೆಗಿನ ನೀರನ್ನು ತಡೆಯುತ್ತದೆ, ಅಂಗಡಿಯಲ್ಲಿ ಸಿಗುವ 9 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತದೆ. ಚಾಲೂ ಇರುವಂತೆಯೇ ಹೊಲದಲ್ಲಿ ಮರೆತು ಬಂದರೆ ಐದು ನಿಮಿಷದ ನಂತರ ತಾನೇ ಕೂಗಿ ಕರೆಯುತ್ತದೆ. ಕಟಾವಾದ ಗೋಧಿ ಹೊಲದಲ್ಲಿ ಅದರ ಕಿತ್ತಳೆ ಬಣ್ಣವೊಂದನ್ನೇ ನಂಬಿ ಹುಡುಕುವುದಕ್ಕಿಂತ ಇದು ಲೇಸು. ನಿಮ್ಮ ಬಳಕೆಗೆ ನನ್ನ ಆಯ್ಕೆ ಇದೇ.

ಅಗ್ಗದವುಗಳಲ್ಲಿ ಹಲವು ಮನೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿ, ತೇವದ ಮಣ್ಣಿಗೆ ತಾಕಿದೊಡನೆ ಸುಳ್ಳು ಸದ್ದು ಮಾಡುತ್ತವೆ. ಮಳೆಯ ನಾಡಿನಲ್ಲಿ ಇದು ಸಣ್ಣ ದೋಷವಲ್ಲ. ಗ್ಯಾರೆಟ್ ಪಿನ್‌ಪಾಯಿಂಟರುಗಳ ನಕಲಿಗಳೂ ಮಾರಾಟದಲ್ಲಿರುವುದರಿಂದ, ಅಧಿಕೃತ ಮಾರಾಟಗಾರರಿಂದಲೇ ರಸೀದಿ ಸಹಿತ ಕೊಂಡುಕೊಳ್ಳಿ.

ಕೊಂಡ ಮೇಲೆ, ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಒಂದು ಪರೀಕ್ಷೆ ಮಾಡಿ. ಒದ್ದೆ ಮಣ್ಣಿನ ಹೆಂಟೆಯೊಳಗೆ ಪೆನ್ನಿಯೊಂದನ್ನು ಹುದುಗಿಸಿ, ತುದಿಯನ್ನು ಎಲ್ಲ ಕಡೆಯಿಂದಲೂ, ಕೊಳವೆಯ ಬದಿಯನ್ನೂ ತಾಗಿಸಿ ನೋಡಿ. ಬ್ರಿಟನ್ನಿನ ಪೆನ್ನಿಯನ್ನು 1992ರಿಂದ ತಾಮ್ರ ಲೇಪಿಸಿದ ಉಕ್ಕಿನಲ್ಲಿ ಟಂಕಿಸಲಾಗುತ್ತಿರುವ ಕಾರಣ ಹೊಸ ನಾಣ್ಯ ಬೇಡ, ನೀವು ಹುಡುಕುವ ಹಳೆಯ ನಾಣ್ಯಗಳನ್ನು ಅದು ಹೋಲುವುದಿಲ್ಲ. ಅದಕ್ಕೂ ಹಿಂದಿನ, ಅಯಸ್ಕಾಂತಕ್ಕೆ ಅಂಟದ ಕಂಚಿನ ಪೆನ್ನಿಯನ್ನೇ ಬಳಸಿ.